ಕೂಟಲೇಖಕ್ಕೆ ಜಿನಮಂದಿರದ ಮುದ್ರೆ ಬೇಡ



ಭಾದ್ರಪದ ಮಾಸದ ದಶಲಕ್ಷಣ ಪರ್ವದಲ್ಲಿ ಹತ್ತು ದಿನಗಳ ಕಾಲ ನಾವು ಧರ್ಮದ ಹತ್ತು ಲಕ್ಷಣಗಳ ಪ್ರವಚನವನ್ನು ಕೇಳುತ್ತೇವೆ. ಮೂರನೆಯ ದಿನ ಉತ್ತಮ ಆರ್ಜವ. ಮುಂದೆ ಉತ್ತಮ ಸತ್ಯದ ದಿನವೂ ಬರುತ್ತದೆ. ಮನಸ್ಸಿನಲ್ಲಿದ್ದುದನ್ನೇ ಮಾತಿನಲ್ಲಿ, ಮಾತಿನಲ್ಲಿದ್ದುದನ್ನೇ ಕೃತಿಯಲ್ಲಿ ತೋರುವುದು ಆರ್ಜವವೆಂದು ಪಂಡಿತರು ಹೇಳುವಾಗ ಸಭೆಯೆಲ್ಲ ತಲೆದೂಗುತ್ತದೆ. ಪರ್ವ ಮುಗಿದು ಕ್ಷಮಾವಾಣಿಯ ಕೈಮುಗಿತವೂ ಮುಗಿದ ಮೇಲೆ, ಕೆಲವೇ ದಿನಗಳಲ್ಲಿ ನಮ್ಮ ಟ್ರಸ್ಟುಗಳ ಬಾಗಿಲಿಗೆ ಒಂದು ಬಗೆಯ ಅರ್ಜಿದಾರರು ಬರತೊಡಗುತ್ತಾರೆ. ಮಗನು, ಈಗೀಗ ಮಗಳೂ, ವ್ಯವಹಾರ ನಿರ್ವಹಣೆಯ ಉನ್ನತ ವಿದ್ಯಾಲಯಕ್ಕೆ, ಎಂದರೆ ಎಂ.ಬಿ.ಎ. ತರಗತಿಗೆ, ಅರ್ಜಿ ಹಾಕುತ್ತಿರುವರು. ಅರ್ಜಿಗೆ ಬಲ ಬರಬೇಕಾಗಿದೆ. ಆದುದರಿಂದ ಇಂತಿಂಥ ಸೇವೆ ಮಾಡಿರುವರೆಂದು ಮಂದಿರದ ಕಾಗದದ ಮೇಲೆ ಬರೆದು ಮುದ್ರೆ ಒತ್ತಿ ಕೊಡಬೇಕು. ಸೇವೆ ನಡೆದಿದೆಯೇ ಎಂಬುದನ್ನು ಕೇಳುವ ವಾಡಿಕೆ ಇಲ್ಲ.

ಈ ವಾಡಿಕೆಯನ್ನು ನಿಲ್ಲಿಸಬೇಕೆಂಬುದೇ ನನ್ನ ಲೇಖನದ ಉದ್ದೇಶ. ಪರರನ್ನು ದೂರುವುದಕ್ಕೆ ಮೊದಲು ನನ್ನ ತಪ್ಪನ್ನು ಹೇಳುವುದು ನ್ಯಾಯ.

ನಡೆದ ಸಂಗತಿ

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ನನ್ನ ಊರು. ಹೆಸರು ವಜ್ರದ್ದು, ಬದುಕು ತೊಗರಿ, ಉದ್ದು, ಕಡಲೆ, ಸೋಯಾಬೀನಿನದು. ನಮ್ಮ ಮನೆತನದ್ದು ಕಾಳಿನ ವ್ಯಾಪಾರ. ಕೆಲವು ವರ್ಷ ನಾನು ನಮ್ಮ ಸೀಮೆಯ ಒಂದು ಟ್ರಸ್ಟಿನ ಗೌರವ ಕಾರ್ಯದರ್ಶಿಯಾಗಿದ್ದೆ. ಆಗ ಬಂಧುಗಳೊಬ್ಬರು ಒಂದು ಸಂಜೆ ಮನೆಗೆ ಬಂದರು. ಅವರ ಮಗ ಇಂಜಿನಿಯರಿಂಗ್ ಮುಗಿಸಿ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದ. ಅವರು ತಂದಿದ್ದ ಕಾಗದದಲ್ಲಿ ಇಂಗ್ಲಿಷಿನಲ್ಲಿ ಮೊದಲೇ ಬೆರಳಚ್ಚು ಮಾಡಲಾಗಿತ್ತು. ಆ ಹುಡುಗನು ಮೂರು ವರ್ಷ ಮಂದಿರದ ಪಾಠಶಾಲೆಯನ್ನು ನಡೆಸಿದನೆಂದೂ, 2020–21ರ ಕೊರೋನಾ ಕಾಲದಲ್ಲಿ ಆಹಾರ ವಿತರಣೆಯ ನೇತೃತ್ವ ವಹಿಸಿದನೆಂದೂ, 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಸ್ವಯಂಸೇವಕರ ತಂಡವನ್ನು ಕರೆದೊಯ್ದನೆಂದೂ ಅದರಲ್ಲಿತ್ತು. ಈ ಮೂರರಲ್ಲಿ ಒಂದೂ ನಿಜವಲ್ಲ. ನಾನು ಹಿಂದೆಮುಂದೆ ನೋಡಿದಾಗ ಅವರು, “ಅಣ್ಣಾ, ಒಂದ್ ಸಹಿ ಮಾಡಿದ್ರ ನಿಮ್ಮ ಗಂಟೇನ್ ಹೋಗ್ತದ? ಹುಡುಗ ನಿಮ್ಮವನೇ ಅಲ್ಲೇನು?” ಎಂದರು. ಸಹಿ ಮಾಡಿದೆ. ಮುದ್ರೆಯನ್ನೂ ಒತ್ತಿದೆ.

ಅವನಿಗೆ ಪ್ರವೇಶ ದೊರೆಯಿತು. ಸುಳ್ಳಿಗೆ ಮರುದಿನವೇ ಶಿಕ್ಷೆಯಾಗುವುದೆಂದು ಹೇಳಿ ಓದುಗರನ್ನು ಹೆದರಿಸುವ ಇಚ್ಛೆ ನನಗಿಲ್ಲ. ಆ ಪತ್ರದಿಂದಲೇ ದೊರೆಯಿತೋ ಅದಿಲ್ಲದೆಯೂ ದೊರೆಯುತ್ತಿತ್ತೋ, ಅದನ್ನೂ ನಾನು ಅರಿಯೆ. ತಂದೆಯವರು ಸಂತೋಷದಿಂದ ಮಂದಿರದ ಭೋಜನಶಾಲೆಗೆ ಐವತ್ತೊಂದು ಸಾವಿರ ರೂಪಾಯಿ ಕೊಟ್ಟರು; ನಾನು ರಸೀದಿ ಬರೆದೆ. ಎಲ್ಲರಿಗೂ ಒಳ್ಳೆಯದೇ ಆಯಿತೆಂದು ತೋರಿತು.

ಮರುವರ್ಷ ಮತ್ತೊಬ್ಬ ಹುಡುಗ ಬಂದ. ಮಂದಿರದ ಪೂಜೆ ಮಾಡುವ ಪಂಡಿತರ ಮಗ. ಪಾಠಶಾಲೆಯನ್ನು ನಾಲ್ಕು ವರ್ಷ ನಿಜವಾಗಿ ನಡೆಸಿದವನು ಅವನೇ. ಒಂದು ರೂಪಾಯಿ ಗೌರವಧನವಿಲ್ಲದೆ ಭಾನುವಾರಗಳನ್ನೆಲ್ಲ ಅದಕ್ಕೆ ತೆತ್ತವನು. ಅವನೂ ಎಂ.ಬಿ.ಎ.ಗೆ ಅರ್ಜಿ ಹಾಕುವವನಿದ್ದ. ನಾನು ಹಳೆಯ ಪತ್ರದ ಪ್ರತಿಯನ್ನೇ ತೆಗೆದು ಹೆಸರು ಬದಲಾಯಿಸಿ ಕೊಟ್ಟೆ. ಅವನು ಓದಿಕೊಂಡು, ಮಡಚಿ, ಮೆಲ್ಲಗೆ ಕೇಳಿದ: “ಕಾಕಾ, ಹೋದ ವರ್ಷ ಅವನಿಗೂ ಇದೇ ಬರದು ಕೊಟ್ಟಿದ್ರಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ. ನಿಜವಾಗಿ ದುಡಿದವನಿಗೆ ಕೊಡಬಹುದಾಗಿದ್ದ ಮಾತುಗಳನ್ನು ನಾನು ದುಡಿಯದವನಿಗೆ ಮೊದಲೇ ಕೊಟ್ಟುಬಿಟ್ಟಿದ್ದೆ. ಸುಳ್ಳು ಪತ್ರದ ಮೊದಲ ಹಾನಿ ವಿದ್ಯಾಲಯಕ್ಕೆ ಆಗುವುದಿಲ್ಲ; ಅದೇ ಮಂದಿರದ ಜಗಲಿಯ ಮೇಲೆ ಕುಳಿತು ಮಕ್ಕಳಿಗೆ ಣಮೋಕಾರ ಮಂತ್ರ ಕಲಿಸಿದವನಿಗೆ ಆಗುತ್ತದೆ. ಆ ಪತ್ರವನ್ನು ಹರಿದು, ಪಾಠಶಾಲೆಯ ಹಾಜರಿ ಪುಸ್ತಕ ತರಿಸಿ, ಎರಡು ಸಂಜೆ ಅವನೊಡನೆ ಕುಳಿತು ಹೊಸ ಪತ್ರ ಬರೆದೆ. ಹನ್ನೊಂದು ಮಕ್ಕಳಿಂದ ಮೂವತ್ತನಾಲ್ಕಕ್ಕೆ ಏರಿದ್ದು, ಕೊರೋನಾದಲ್ಲಿ ತರಗತಿ ನಿಂತದ್ದು, ದೂರವಾಣಿಯ ಮೂಲಕ ನಡೆಸಲು ಮಾಡಿದ ಯತ್ನ ಅರ್ಧ ಸೋತದ್ದು, ಮತ್ತೆ ಪ್ರಾರಂಭವಾದಾಗ ಒಂಬತ್ತೇ ಮಕ್ಕಳು ಬಂದದ್ದು, ಇವೆಲ್ಲ ಅದರಲ್ಲಿದ್ದುವು. ಸೋಲನ್ನೂ ಬರೆಯಬೇಕೆಂದವನು ಅವನೇ. ಅವನಿಗೆ ಪ್ರವೇಶ ದೊರೆಯಿತೋ ಇಲ್ಲವೋ ಎಂಬುದು ಈ ಲೇಖನದ ವಿಷಯವಲ್ಲ. ನನ್ನ ಮುದ್ರೆಯ ಬೆಲೆ ಏನೆಂಬುದು ವಿಷಯ.

ಶಾಸ್ತ್ರವು ಇದಕ್ಕೆ ಕೊಟ್ಟ ಹೆಸರು

ಇದು ಹೊಸ ಕಾಲದ ಹೊಸ ಸಮಸ್ಯೆ, ಶಾಸ್ತ್ರದಲ್ಲಿ ಇದರ ಮಾತಿಲ್ಲ ಎಂದು ಕೆಲವರು ಹೇಳುವುದುಂಟು. ಇದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದರ ಹೆಸರು ಕೂಟಲೇಖಕ್ರಿಯೆ: ನಡೆಯದುದನ್ನು ನಡೆದಂತೆ ಬರೆದು ಪತ್ರ ಮಾಡುವುದು. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ದೋಷವನ್ನು ಬಿಡದೆ ಎಣಿಸಿದ್ದಾರೆ. ವ್ಯಾಪಾರವೇ ವೃತ್ತಿಯಾದ ಗೃಹಸ್ಥರ ಸಮಾಜಕ್ಕೆ ಬರೆದ ಆಚಾರ್ಯರು ಬಾಯಿಮಾತಿನ ಸುಳ್ಳಿನಷ್ಟಕ್ಕೇ ನಿಲ್ಲದೆ, ಕಾಗದದ ಸುಳ್ಳನ್ನು ಬೇರೆಯಾಗಿ ಹೆಸರಿಸಿದರು. ಕಾಗದವು ಬರೆದವನ ಕೈಬಿಟ್ಟು ಹೋಗುತ್ತದೆ. ಅವನನ್ನು ಕಾಣದವರೂ ಅದನ್ನು ನಂಬುತ್ತಾರೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದೊಂದಿದೆ. ಒಳ್ಳೆಯ ಸರಕಿನ ಹೆಸರಿನಲ್ಲಿ ಅದರಂತೆಯೇ ತೋರುವ ಕೀಳು ಸರಕನ್ನು ಕೊಡುವುದು. ತೊಗರಿಯಲ್ಲಿ ಬೇರೆ ಕಾಳನ್ನು ಬೆರೆಸುವವನನ್ನು ನಾವು ಕಳ್ಳನೆನ್ನುತ್ತೇವೆ. ಹಣ ಕೊಟ್ಟು ಪುಣೆಯಲ್ಲೋ ಬೆಂಗಳೂರಿನಲ್ಲೋ ಕುಳಿತ ಸಲಹೆಗಾರನಿಂದ ಮಗನ ಆತ್ಮಕಥನ ಪ್ರಬಂಧವನ್ನು ಬರೆಸಿ, ಮಗನೇ ಬರೆದನೆಂದು ಕಳುಹಿಸುವುದು ಇದಕ್ಕಿಂತ ಹೇಗೆ ಭಿನ್ನ? ಈಚಿನ ವರ್ಷಗಳಲ್ಲಿ ಸಲಹೆಗಾರನೂ ಬೇಕಾಗಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರವೇ ನಿಮಿಷದಲ್ಲಿ ಬರೆದುಕೊಡುತ್ತದೆ. ಭಾಷೆಯ ತಪ್ಪನ್ನು ತಿದ್ದಿಸಿಕೊಳ್ಳುವುದು ಬೇರೆ, ಬದುಕನ್ನೇ ಬರೆಸಿಕೊಳ್ಳುವುದು ಬೇರೆ.

ಪಾಪದ ಹಂಚಿಕೆಯೂ ನಮ್ಮ ಶಾಸ್ತ್ರದಲ್ಲಿ ಸ್ಪಷ್ಟವಾಗಿದೆ. ಕೃತ, ಕಾರಿತ, ಅನುಮೋದನೆ: ಮಾಡಿದವನು, ಮಾಡಿಸಿದವನು, ಒಪ್ಪಿದವನು. ಅರ್ಜಿ ಕಳುಹಿಸಿದ ಮಗನು ಮಾಡಿದವನು. ಕಾಗದ ತಂದ ತಂದೆಯು ಮಾಡಿಸಿದವನು. ಸಭೆಯಲ್ಲಿ ಕುಳಿತು ಗೊತ್ತಿದ್ದೂ ಸುಮ್ಮನಿದ್ದ ವಿಶ್ವಸ್ತರು ಒಪ್ಪಿದವರು. ಸಹಿ ಹಾಕಿದ ನಾನಂತೂ ಮೂರರಲ್ಲಿಯೂ ಪಾಲುಗಾರ.

ಪೂರ್ವಪಕ್ಷ ಮತ್ತು ಅದಕ್ಕೆ ಉತ್ತರ

ಈ ಮಾತನ್ನು ನಾನು ಸಭೆಗಳಲ್ಲಿ ಎತ್ತಿದಾಗ ನಾಲ್ಕು ಆಕ್ಷೇಪಗಳು ಬಂದಿವೆ. ಅವುಗಳಲ್ಲಿ ಯಾವುದೂ ಹಗುರವಾದುದಲ್ಲ. ಆದುದರಿಂದ ಒಂದೊಂದನ್ನೂ ವಿಚಾರಿಸೋಣ.

ಮೊದಲನೆಯದು: ಎಲ್ಲರೂ ಮಾಡುತ್ತಾರೆ. ಇದು ನಿಜವೆಂದೇ ಇಟ್ಟುಕೊಳ್ಳೋಣ. ಸಂತೆಯಲ್ಲಿ ಎಲ್ಲರ ತಕ್ಕಡಿಯೂ ಸುಳ್ಳಾದರೆ ನಮ್ಮ ತಕ್ಕಡಿ ಸುಳ್ಳಾಗಬಹುದೆಂದು ನಮ್ಮ ಹಿರಿಯರು ಹೇಳಲಿಲ್ಲ. ಹೀನಾಧಿಕ ಮಾನೋನ್ಮಾನ, ಎಂದರೆ ಕೊಳ್ಳುವಾಗ ಒಂದು ತೂಕ, ಮಾರುವಾಗ ಒಂದು ತೂಕ, ಅದೂ ಅತಿಚಾರವೇ. ಅಡತಿ ಅಂಗಡಿಯಲ್ಲಿ ಜೈನನ ತೂಕವೆಂದರೆ ರೈತನು ಮರುತೂಕ ಕೇಳದಿದ್ದ ಕಾಲವನ್ನು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಎಲ್ಲರೂ ಮಾಡುತ್ತಿದ್ದುದನ್ನು ಮಾಡಿ ಆ ಹೆಸರನ್ನು ಅವರು ಗಳಿಸಲಿಲ್ಲ.

ಎರಡನೆಯದು: ಪಟ್ಟಣದ ಮಕ್ಕಳಿಗೆ ಇರುವ ಅನುಕೂಲ ನಮ್ಮ ಮಕ್ಕಳಿಗೆ ಇಲ್ಲ, ಆ ಕೊರತೆಯನ್ನು ಒಂದು ಪತ್ರದಿಂದ ತುಂಬಿದರೆ ತಪ್ಪೇನು? ಈ ನೋವು ನಿಜವಾದುದು. ಬೀದರ, ಕಲಬುರಗಿ ಸೀಮೆ ಹಿಂದುಳಿಯಿತೆಂದೇ 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು 371ಜೆ ವಿಧಿಯನ್ನು ಸೇರಿಸಬೇಕಾಯಿತು. ಆದರೆ ಸುಳ್ಳು ಪತ್ರದ ಅನುಕೂಲ ಯಾರಿಗೆ ಸಿಕ್ಕುತ್ತದೆ? ಟ್ರಸ್ಟಿನವರ ಪರಿಚಯವಿದ್ದವನಿಗೆ, ಐವತ್ತೊಂದು ಸಾವಿರ ಕೊಡಬಲ್ಲವನಿಗೆ. ಪಂಡಿತರ ಮಗನಿಗಲ್ಲ, ಹಮಾಲನ ಮಗಳಿಗಲ್ಲ. ಹಿಂದುಳಿದ ಸೀಮೆಯ ಹೆಸರಿನಲ್ಲಿ ಮುಂದುವರಿದ ಮನೆಗಳೇ ಲಾಭ ಪಡೆಯುವ ಉಪಾಯವಿದು.

ಮೂರನೆಯದು: ಇದರಿಂದ ಯಾರಿಗೂ ಹಾನಿಯಿಲ್ಲ. ತರಗತಿಯಲ್ಲಿ ಸ್ಥಾನಗಳು ಎಣಿಕೆಯವು. ಒಬ್ಬನು ಸುಳ್ಳಿನಿಂದ ಕುಳಿತರೆ ಮತ್ತೊಬ್ಬನು ಹೊರಗುಳಿಯುತ್ತಾನೆ. ಅವನ ಮುಖ ನಮಗೆ ಕಾಣುವುದಿಲ್ಲ, ಅಷ್ಟೇ. ಕೊಡದುದನ್ನು ತೆಗೆದುಕೊಳ್ಳುವುದೇ ಕಳವೆಂಬ ಲಕ್ಷಣಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕೆ? ಕಾಣದ ಜೀವಕ್ಕೂ ನೋವಾಗಬಾರದೆಂದು ನೀರನ್ನು ಸೋಸಿ ಕುಡಿಯುವವರು ನಾವು.

ನಾಲ್ಕನೆಯದು, ಎಲ್ಲಕ್ಕಿಂತ ಮೃದುವಾದುದು: ಇಲ್ಲವೆಂದರೆ ಹುಡುಗನ ಮನಸ್ಸು ನೋಯುತ್ತದೆ, ಅದೂ ಹಿಂಸೆಯಲ್ಲವೇ? ಕರುಣೆಯ ಹೆಸರಿನಲ್ಲಿ ಇಪ್ಪತ್ತೈದು ವರ್ಷದ ಯುವಕನಿಗೆ ಸುಳ್ಳಿನ ರುಚಿ ತೋರಿಸುವುದು ಯಾವ ಅಹಿಂಸೆ? ಮುಂದೆ ಅವನು ಯಾವುದೋ ಕಂಪನಿಯ ಲೆಕ್ಕಕ್ಕೆ ಸಹಿ ಹಾಕುವ ಸ್ಥಾನದಲ್ಲಿ ಕೂರುವವನು. ಮೊದಲ ಸುಳ್ಳು ಸಹಿಯನ್ನು ಅವನು ಜಿನಮಂದಿರದಲ್ಲಿ, ಹಿರಿಯರ ಕೈಯಿಂದ ಬಂದದ್ದನ್ನು ಕಂಡರೆ, ಎರಡನೆಯದನ್ನು ತಾನೇ ಹಾಕಲು ಎಷ್ಟು ಹೊತ್ತು ಬೇಕು?

ದಾನದ ರಸೀದಿಯ ಮಾತನ್ನು ಮೇಲೆ ಹೇಳಿದೆನಲ್ಲವೇ? ಅದು ಎಲ್ಲಿಯವರೆಗೆ ಹೋಗಬಲ್ಲುದೆಂಬುದನ್ನು ಅಮೆರಿಕವು ಕಂಡಿದೆ. 2019ರ ಮಾರ್ಚಿಯಲ್ಲಿ ಅಲ್ಲಿಯ ಸರ್ಕಾರವು ಐವತ್ತರಷ್ಟು ಜನರ ಮೇಲೆ ಮೊಕದ್ದಮೆ ಹೂಡಿತು. ವಿಲಿಯಂ ರಿಕ್ ಸಿಂಗರ್ ಎಂಬ ಪ್ರವೇಶ ಸಲಹೆಗಾರನು ಶ್ರೀಮಂತರ ಮಕ್ಕಳನ್ನು ಹೆಸರಾಂತ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ ಸೇರಿಸಲು, ಅವರು ಆಡದ ಆಟಗಳಲ್ಲಿ ಅವರನ್ನು ಆಟಗಾರರೆಂದು ತೋರಿಸಿದ್ದನು, ಪರೀಕ್ಷೆಯ ಅಂಕಗಳನ್ನು ತಿದ್ದಿಸಿದ್ದನು. ತಂದೆತಾಯಿಗಳಿಂದ ಹಣವನ್ನು ಪಡೆದದ್ದು ಒಂದು ಧರ್ಮಾರ್ಥ ಸಂಸ್ಥೆಯ ಮೂಲಕ, ದಾನದ ಹೆಸರಿನಲ್ಲಿ. 2023ರ ಜನವರಿಯಲ್ಲಿ ಅವನಿಗೆ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು. ಹಲವು ತಂದೆತಾಯಿಗಳೂ ಸೆರೆಮನೆ ಕಂಡರು. ನಮ್ಮ ಐವತ್ತೊಂದು ಸಾವಿರವನ್ನು ಅದರೊಡನೆ ಹೋಲಿಸುವುದು ಅತಿಯೆಂದು ಓದುಗರು ಹೇಳಬಹುದು. ಮೊತ್ತ ಬೇರೆ, ದಾರಿ ಒಂದೇ. ದಾನವೆಂದರೆ ಪ್ರತಿಫಲ ಬೇಡದ್ದು. ಪತ್ರದ ಬೆಲೆಯಾಗಿ ಬಂದದ್ದು ದಾನವಲ್ಲ.

ಅರ್ಜಿಗೆ ನಿಜವಾದ ಬಲ

ಹಾಗಾದರೆ ನಮ್ಮ ಮಕ್ಕಳು ಏನು ಮಾಡಬೇಕು? ಬೇಡವೆಂದಷ್ಟೇ ಹೇಳಿ ದಾರಿ ತೋರದಿದ್ದರೆ ಹಿರಿಯರ ಮಾತಿಗೆ ಅರ್ಥವಿಲ್ಲ.

ಮೊದಲು ಪ್ರವೇಶದ ರೀತಿಯನ್ನು ತಿಳಿಯೋಣ. ನಮ್ಮ ರಾಜ್ಯದ ಕಾಲೇಜುಗಳ ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಪಿ.ಜಿ.ಸಿ.ಇ.ಟಿ.ಯ ರ‍್ಯಾಂಕೇ ಮುಖ್ಯ. ಅಲ್ಲಿ ಸೇವಾಪತ್ರಕ್ಕೆ ಕೆಲಸವೇ ಇಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ.ನಂತಹ ಸಂಸ್ಥೆಗಳಲ್ಲಿ ಕ್ಯಾಟ್ ಪರೀಕ್ಷೆಯ ಅಂಕ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಅಂಕ, ಪದವಿಯ ಅಂಕ, ಕೆಲಸದ ಅನುಭವ, ಬರವಣಿಗೆಯ ಪರೀಕ್ಷೆ, ಸಂದರ್ಶನ ಇವು ಎಣಿಕೆಗೆ ಬರುತ್ತವೆ. ಅರ್ಜಿಯಲ್ಲಿ ಬರೆದ ಸಂಗತಿಯು ಮುಖ್ಯವಾಗಿ ಸಂದರ್ಶನದಲ್ಲಿ ಎದುರಾಗುತ್ತದೆ. ಪಾಠಶಾಲೆ ನಡೆಸಿದೆನೆಂದು ಬರೆದವನನ್ನು, ಮಕ್ಕಳು ಎಷ್ಟು, ವಯಸ್ಸೇನು, ಮೊದಲ ದಿನ ಏನು ಕಲಿಸಿದಿರಿ, ಬರುವುದನ್ನು ನಿಲ್ಲಿಸಿದ ಮಗುವಿನ ಮನೆಗೆ ಹೋಗಿದ್ದಿರಾ ಎಂದು ಕೇಳಿದರೆ, ಮಾಡಿದವನು ನಿಲ್ಲದೆ ಮಾತನಾಡುತ್ತಾನೆ. ಮಾಡದವನು ಗಂಟಲು ಸರಿಮಾಡಿಕೊಳ್ಳುತ್ತಾನೆ. 2001ರಲ್ಲಿ ಹೈದರಾಬಾದಿನಲ್ಲಿ ಪ್ರಾರಂಭವಾದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಮತ್ತು ವಿದೇಶದ ವಿದ್ಯಾಲಯಗಳು ಪ್ರಬಂಧಗಳನ್ನೂ ಶಿಫಾರಸನ್ನೂ ಕೇಳುತ್ತವೆ. ಕೊಟ್ಟ ವಿವರ ಸುಳ್ಳೆಂದು ಕಂಡುಬಂದರೆ ಪ್ರವೇಶವನ್ನು ಮುಂದೆಯೂ ರದ್ದುಗೊಳಿಸಬಹುದೆಂಬ ಷರತ್ತಿಗೆ ಅರ್ಜಿದಾರನೇ ಸಹಿ ಹಾಕಿರುತ್ತಾನೆ.

ಪ್ರವೇಶ ಸಮಿತಿಯ ಮುಂದೆ ಸಾವಿರಾರು ಅರ್ಜಿಗಳಿರುತ್ತವೆ. ಅವುಗಳಲ್ಲಿ ಬಹಳಷ್ಟು ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ಮೂರು ವರ್ಷ ದುಡಿದವರವು. ಎಲ್ಲರೂ ನಾಯಕರು, ಎಲ್ಲರೂ ಸಮಾಜಸೇವಕರು. ಇಂತಹ ರಾಶಿಯಲ್ಲಿ ಮತ್ತೊಂದು ಬಣ್ಣದ ಪತ್ರ ಸೇರಿದರೆ ಅದು ರಾಶಿಯ ಭಾಗವಾಗುತ್ತದೆಯೇ ಹೊರತು ಬೇರೆಯಾಗಿ ಕಾಣುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಅವರಿಗೂ ಗೊತ್ತು. ಬೇರೆಯಾಗಿ ಕಾಣುವುದು ಒಬ್ಬನ ಬದುಕಿನಲ್ಲಿ ಮಾತ್ರ ಇರುವ, ಎಣಿಸಿ ಅಳೆದು ಹೇಳಬಹುದಾದ ಸಂಗತಿ.

ಅಂತಹ ಸಂಗತಿ ಕೊಹಿನೂರದಂತಹ ಊರಿನಲ್ಲಿ ಬೆಳೆದ ಹುಡುಗನಲ್ಲಿ ಇಲ್ಲವೇ? ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮತ್ತು ದಖನಿ, ಗಡಿಯಾಚೆಯ ವ್ಯಾಪಾರಿಯೊಡನೆ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು: ಇಷ್ಟು ಭಾಷೆಗಳಲ್ಲಿ ಚೌಕಾಶಿ ಮಾಡಬಲ್ಲ ಅರ್ಜಿದಾರರು ಮಹಾನಗರದಲ್ಲಿ ಎಷ್ಟು ಮಂದಿ? ಮಳೆ ತಪ್ಪಿದ ವರ್ಷ ಉದ್ರಿ ಕೊಟ್ಟ ರೈತರಲ್ಲಿ ಯಾರಿಗೆ ಕಾಯಬೇಕು, ಯಾರಿಗೆ ಮುಂದಿನ ಬಿತ್ತನೆಗೆ ಮತ್ತೆ ಕೊಡಬೇಕು ಎಂದು ತಂದೆಯು ನಿರ್ಣಯಿಸಿದ್ದನ್ನು ಪಕ್ಕದಲ್ಲಿ ಕುಳಿತು ನೋಡಿದವನು, ಸಾಲದ ಅಪಾಯವೆಂಬುದನ್ನು ಪುಸ್ತಕಕ್ಕೆ ಮೊದಲೇ ಕಲಿತಿದ್ದಾನೆ. ತೊಗರಿಯ ಧಾರಣೆ ಬಿದ್ದಾಗ ದಾಸ್ತಾನನ್ನು ಇಟ್ಟದ್ದು ಸರಿಯೋ ತಪ್ಪೋ ಎಂದು ಮೂರು ವರ್ಷದ ಖಾತೆ ಪುಸ್ತಕ ಹಿಡಿದು ಲೆಕ್ಕ ಹಾಕಿದರೆ ಅದೇ ಒಂದು ಪ್ರಬಂಧ. ನಾಚಿಕೆಯಿಂದ ಮುಚ್ಚಿಡುವುದನ್ನೇ ಬರೆಯಬೇಕಾಗಿದೆ. ಹೆಮ್ಮೆಯಿಂದ ಬರೆಯುತ್ತಿರುವುದು ಪರರದು.

ಶಿಫಾರಸಿನ ವಿಷಯದಲ್ಲೂ ಒಂದು ಮಾತು. ಮನೆಯ ಅಂಗಡಿಯಲ್ಲಿ ದುಡಿದವನು ತಂದೆಯಿಂದಲೋ ಸೋದರಮಾವನಿಂದಲೋ ಪತ್ರ ತಂದರೆ ಅದಕ್ಕೆ ತೂಕವಿರುವುದಿಲ್ಲ. ಅಂಗಡಿಗೆ ಮಾಲು ಒದಗಿಸುವ ಸಗಟು ವ್ಯಾಪಾರಿ, ಲೆಕ್ಕಪರಿಶೋಧಕರು, ವ್ಯವಹಾರ ಬಲ್ಲ ಬ್ಯಾಂಕ್ ಅಧಿಕಾರಿ, ಇಂತಹ ರಕ್ತಸಂಬಂಧವಿಲ್ಲದವರ ನಾಲ್ಕು ನೇರ ಮಾತುಗಳು ಮೇಲು. ದೊಡ್ಡವರ ಹೆಸರಿಗಿಂತ, ಹುಡುಗನ ಕೆಲಸವನ್ನು ಹತ್ತಿರದಿಂದ ಕಂಡವರ ಮಾತು ಬಲವುಳ್ಳದ್ದು.

ವ್ಯವಹಾರ ವಿದ್ಯೆ ನಮಗೆ ಪರದೇಶದಿಂದ ಬಂದುದೆಂಬ ಕೀಳರಿಮೆಯೂ ಈ ಸುಳ್ಳಿಗೆ ಒಂದು ಕಾರಣ. ನಮ್ಮ ಸೀಮೆಯಲ್ಲೇ ಇರುವ, ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಬಡ್ಡಿ, ಪಾಲುಗಾರಿಕೆಯ ಲಾಭದ ಹಂಚಿಕೆ, ಚಿನ್ನದ ಬೆರಕೆಯ ಲೆಕ್ಕ ಇವೆಲ್ಲ ಅದರಲ್ಲಿವೆ. ನಮ್ಮ ಮಕ್ಕಳು ಇಂದು ಕ್ಯಾಟ್ ಪರೀಕ್ಷೆಗೆ ಅಭ್ಯಾಸ ಮಾಡುವ ಲೆಕ್ಕಗಳ ಜಾತಿಯವೇ ಅವು. ನಮಗೆ ಹತ್ತಿರದ ದೊಡ್ಡ ಪೇಟೆಯಾದ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ಶ್ರಾವಕ ವಾಲಚಂದ ಹೀರಾಚಂದರು ಹಡಗಿನ ಕಂಪನಿಯಲ್ಲಿ ಪಾಲುಗಾರರಾಗಿ, 1940ರಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಇಂದಿನ ಎಚ್.ಎ.ಎಲ್.ನ ಮೂಲ. ಅವರ ಹೆಸರಿಗೆ ಬಲ ಕೊಟ್ಟದ್ದು ಅವರು ಕಟ್ಟಿದ ಕೆಲಸ. ಶ್ರೇಯಾಂಸ ಪ್ರಸಾದ ಜೈನರ ಹೆಸರಿನಲ್ಲಿ ಮುಂಬಯಿಯಲ್ಲಿ 1981ರಲ್ಲಿ ಸ್ಥಾಪಿತವಾದ ಎಸ್.ಪಿ. ಜೈನ್ ಸಂಸ್ಥೆಯು ತನ್ನ ವಿದ್ಯಾರ್ಥಿಗಳನ್ನು ಪಾಠಕ್ರಮದ ಭಾಗವಾಗಿ ಸೇವಾ ಸಂಸ್ಥೆಗಳಿಗೆ ಕೆಲವು ವಾರಗಳ ಕಾಲ ದುಡಿಯಲು ಕಳುಹಿಸುತ್ತದೆ. ಪತ್ರದಲ್ಲಿ ಮಾತ್ರ ಸೇವೆ ಮಾಡಿದವನು ಅಲ್ಲಿ ಹೋಗಿ ಏನು ಮಾಡುವನು?

ಇಷ್ಟರಲ್ಲಿ ಸೂಕ್ಷ್ಮವಾದ ಪ್ರಶ್ನೆಯೊಂದು ಏಳುತ್ತದೆ. ಅರ್ಜಿಗಾಗಿಯೇ ನಿಜವಾದ ಸೇವೆ ಮಾಡಿದರೆ? ಮಾಯೆ, ಮಿಥ್ಯಾತ್ವ, ನಿದಾನವೆಂದು ಶಲ್ಯಗಳು ಮೂರು; ಧರ್ಮಕಾರ್ಯದಿಂದ ಲೌಕಿಕ ಫಲವನ್ನು ಬಯಸುವುದೇ ನಿದಾನ. ಶಲ್ಯವುಳ್ಳವನು ವ್ರತಿಯಲ್ಲ. ಆದುದರಿಂದ ಅದನ್ನು ನಾನು ಧರ್ಮವೆಂದು ಹೊಗಳಲಾರೆ. ಆದರೆ ಗೃಹಸ್ಥರ ಮಕ್ಕಳು ಮುನಿಗಳಲ್ಲ. ಲಾಭಕ್ಕೆಂದು ಪಾಠಶಾಲೆಗೆ ಬಂದ ಹುಡುಗನು ಮಕ್ಕಳ ಮುಖ ನೋಡಿ ನಿಂತುಬಿಡಬಹುದು. ಅವನಿಗೆ ಬಾಗಿಲು ಮುಚ್ಚುವುದು ಬೇಡ. ಮಾಡಿದಷ್ಟನ್ನೇ ಬರೆಯೋಣ, ಭಾವದ ಲೆಕ್ಕ ಅವನ ಕರ್ಮಕ್ಕೆ ಬಿಟ್ಟದ್ದು.

ಟ್ರಸ್ಟುಗಳಿಗೆ ವಿಜ್ಞಾಪನೆ

ವಿಶ್ವಸ್ತರಲ್ಲಿ ನನ್ನ ಪ್ರಾರ್ಥನೆ ಐದು ಅಂಶಗಳದ್ದು. ಒಂದು, ಸೇವೆ ಮಾಡುವವರ ಹೆಸರು, ದಿನಾಂಕ, ಗಂಟೆಗಳನ್ನು ಬರೆಯುವ ಪುಸ್ತಕವೊಂದನ್ನು ಮಂದಿರದಲ್ಲಿ ಇಡಬೇಕು. ಅದರಲ್ಲಿಲ್ಲದುದನ್ನು ಪತ್ರದಲ್ಲಿ ಬರೆಯಬಾರದು. ಎರಡು, ಒಂದು ವರ್ಷ ತುಂಬದ ಸೇವೆಗೆ ಪತ್ರ ಕೊಡಬಾರದು. ಮೂರು, ಪತ್ರವು ಸಭೆಯ ಮುಂದೆ ಬಂದು ಠರಾವಾಗಿ ಹೊರಡಬೇಕು; ಒಬ್ಬ ಕಾರ್ಯದರ್ಶಿಯ ದಾಕ್ಷಿಣ್ಯಕ್ಕೆ ಬಿಡಬಾರದು. ನಾಲ್ಕು, ಪತ್ರ ಕೇಳಿದ ಮನೆಯಿಂದ ಆ ವರ್ಷ ವಿಶೇಷ ದಾನವನ್ನು ಸ್ವೀಕರಿಸಬಾರದು. ಐದು, ಪ್ರತಿಯನ್ನು ಕಡತದಲ್ಲಿಟ್ಟು, ಯಾವ ವಿದ್ಯಾಲಯದವರು ವಿಚಾರಿಸಿದರೂ ನಿಜವನ್ನು ಹೇಳುತ್ತೇವೆಂದು ಪತ್ರದಲ್ಲೇ ನಮೂದಿಸಬೇಕು.

ಇದರೊಡನೆ ಯುವಕರಿಗೆ ನಿಜವಾದ ಕೆಲಸವನ್ನೂ ಕೊಡಬೇಕು. ನಮ್ಮ ಮಂದಿರಗಳಲ್ಲಿ ಕೆಲಸಕ್ಕೆ ಬರವೇ? ದಾನಕ್ಕೆ ತೆರಿಗೆ ರಿಯಾಯಿತಿ ದೊರೆಯುವ 80ಜಿ ಮಾನ್ಯತೆ ಪಡೆದ ಟ್ರಸ್ಟುಗಳು 2021–22ರ ಹಣಕಾಸು ವರ್ಷದಿಂದ ದಾನಿಗಳ ವಿವರವನ್ನು ಫಾರಂ ರೂಪದಲ್ಲಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗಿ ಬಂದಿತು. ಎಷ್ಟೋ ಕಡೆ ವಯಸ್ಸಾದ ಕಾರ್ಯದರ್ಶಿಗಳು ಇದರಿಂದ ಕಂಗೆಟ್ಟರು. ವಾಣಿಜ್ಯ ಓದಿದ ಹುಡುಗಿಯೊಬ್ಬಳಿಗೆ ಅದನ್ನು ಒಪ್ಪಿಸಿರಿ. ಮಂದಿರದ ಜಮೀನಿನ ಗೇಣಿ, ಅಂಗಡಿಗಳ ಬಾಡಿಗೆ ಎಷ್ಟು ಬಾಕಿಯಿದೆಯೆಂಬ ಪಟ್ಟಿ ಮಾಡಿಸಿರಿ. ಕಪಾಟಿನಲ್ಲಿರುವ ಹಳೆಯ ಗ್ರಂಥಗಳ ಯಾದಿ ಮಾಡಿಸಿರಿ. ಪರ್ವದ ಭೋಜನಶಾಲೆಯಲ್ಲಿ ಎಷ್ಟು ಬೇಯಿಸಿದೆವು, ಎಷ್ಟು ಉಳಿಯಿತು ಎಂಬುದನ್ನು ಹತ್ತು ದಿನ ಅಳೆಸಿರಿ. ಅನ್ನ ಕೆಡುವುದೂ ಹಿಂಸೆಯೇ. ಹನ್ನೆರಡು ವರ್ಷದ ಲೆಕ್ಕದಲ್ಲಿ ಶ್ರವಣಬೆಳಗೊಳದ ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ ಬರುತ್ತದೆ. ಅಲ್ಲಿಗೆ ನಿಜವಾಗಿ ದುಡಿಯುವ ತಂಡವನ್ನು ಈಗಿನಿಂದಲೇ ಸಿದ್ಧಗೊಳಿಸಬಹುದು. ಇಂತಹ ಕೆಲಸವನ್ನು ಮಾಡಿ ಮುಗಿಸಿದವರ ಅರ್ಜಿಗೆ ಬೇರೆ ಅಲಂಕಾರ ಬೇಕಾಗುವುದಿಲ್ಲ. ಅವರಿಗೆ ಪ್ರವೇಶ ದೊರೆಯದಿದ್ದರೂ ಮಂದಿರದ ಲೆಕ್ಕ ಸರಿಯಾಗಿರುತ್ತದೆ.

ತಂದೆತಾಯಿಗಳಲ್ಲಿ ನನ್ನದು ಒಂದೇ ಬಿನ್ನಹ. ಟ್ರಸ್ಟಿನವರು ಇಲ್ಲವೆಂದಾಗ ಅದನ್ನು ವೈರವೆಂದು ತಿಳಿಯಬೇಡಿರಿ. ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯಲ್ಲಿ ಅಂಗಡಿ, ಹೊಲ, ಚಿನ್ನ ಇವೆಲ್ಲ ಏರಿಳಿಯುವಂಥವು. ಮನೆತನದ ಮಾತಿಗೆ ಪೇಟೆಯಲ್ಲಿ ಇರುವ ನಂಬಿಕೆಯನ್ನು ತಲೆಮಾರುಗಳು ಕೂಡಿಸಿದ್ದು. ಅದನ್ನು ಎರಡು ವರ್ಷದ ಒಂದು ಪದವಿಗಾಗಿ ಅಡವಿಡುವುದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟದ ಬಾಬು.

ಆ ಐವತ್ತೊಂದು ಸಾವಿರದ ರಸೀದಿಯ ನೆರಳಚ್ಚು ಇಂದಿಗೂ ಮಂದಿರದ ರಸೀದಿ ಪುಸ್ತಕದಲ್ಲಿದೆ. ಅದನ್ನು ಹರಿದು ಹಾಕಲು ನನಗೆ ಅಧಿಕಾರವಿಲ್ಲ. ಅಂತಹ ಎರಡನೆಯದನ್ನು ನಮ್ಮ ಸಮಾಜದಲ್ಲಿ ಯಾರೂ ಬರೆಯದಿರಲೆಂದು ಈ ಲೇಖನವನ್ನು ಬರೆದಿದ್ದೇನೆ. ಇದರಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಬೇಡುತ್ತೇನೆ. ಆದರೆ ಹೇಳಿದ ಮಾತನ್ನು ಹಿಂದೆಗೆದುಕೊಳ್ಳಲಾರೆ.

ಜೈ ಜಿನೇಂದ್ರ.